ಬೈಯುವವರ ವಿಳಾಸ

"ಗುರುಗಳೇ, ಮಾತು ಕೇಳಿದರೆ ಎಲ್ಲರೂ ಒಳ್ಳೆಯವರಾಗಿಯೇ ಕಾಣುತ್ತಾರೆ. ಅವರಲ್ಲಿ ಯಾರನ್ನು ನಂಬಬೇಕು ಎಂದು ತಿಳಿಯುವುದು ಹೇಗೆ?"

ಮಠಕ್ಕೆ ಹೊಸದಾಗಿ ಬರತೊಡಗಿದ್ದ ಶಿಷ್ಯ ಹೀಗೆ ಕೇಳಿದ. ಅವನು ಅದುವರೆಗೆ ಐದಾರು ಕಡೆ ಪ್ರವಚನ ಕೇಳಿ ಬಂದಿದ್ದ. ಎಲ್ಲ ಕಡೆಯೂ ತಲೆದೂಗಿದ್ದ. ಮನೆಗೆ ಬಂದ ಮೇಲೆ, ಯಾರನ್ನು ಗುರುವೆಂದು ಹಿಡಿಯಬೇಕೋ ತಿಳಿಯದೆ ಒದ್ದಾಡಿದ್ದ.

"ಕೂತುಕೋ" ಎಂದರು ಗುರುಗಳು. ಅವನು ಕುಳಿತ. ಅವರು ಕತೆ ಶುರು ಮಾಡಿದರು.

ಗದಗಿನ ಕಡೆಯ ಒಂದು ಊರಿನಲ್ಲಿ ಯಮನೂರಪ್ಪ ಎಂಬ ಕಂಡಕ್ಟರ್ ಇದ್ದ. ಮೂವತ್ತೆರಡು ವರ್ಷ ಬಸ್ಸಿನಲ್ಲಿ ಸೀಟಿ ಊದಿ ನಿವೃತ್ತನಾಗಿದ್ದ. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಟಿಕೆಟ್ ತೆಗೆಸದವನು ಯಾರೆಂದು ಮುಖ ನೋಡಿಯೇ ಹೇಳುತ್ತೇನೆ ಎಂಬುದು ಅವನ ಹೆಮ್ಮೆ. ಅದು ಸುಳ್ಳೂ ಅಲ್ಲ. ಆದರೆ ಬಸ್ಸಿನಿಂದ ಇಳಿದ ಮೇಲೆ ಆ ವಿದ್ಯೆ ಅವನ ಕೈ ಹಿಡಿಯಲಿಲ್ಲ. ನಿವೃತ್ತನಾದ ವರ್ಷವೇ ಒಬ್ಬ ಮಾರಾಟಗಾರನ ಮುಖ ಮೆಚ್ಚಿ ನೀರು ಸೋಸುವ ಯಂತ್ರ ಕೊಂಡ. ಅದು ಎರಡು ತಿಂಗಳು ನೀರು ಸೋಸಿತು. ಆಮೇಲೆ ಅವನ ಹೆಂಡತಿ ನೀಲವ್ವ ಅದರ ಮೇಲೆ ಉಪ್ಪಿನಕಾಯಿಯ ಭರಣಿ ಇಟ್ಟಳು.

ನೀಲವ್ವ ಮನೆಯಲ್ಲಿಯೇ ಜೋಳದ ರೊಟ್ಟಿ ಮಾಡಿಸಿ ಖಾನಾವಳಿಗಳಿಗೆ ಕೊಡುತ್ತಿದ್ದಳು. ಹಿಟ್ಟು ನಾದುವುದಕ್ಕೂ ರೊಟ್ಟಿ ಒತ್ತುವುದಕ್ಕೂ ಕರೆಂಟಿನ ಯಂತ್ರಗಳಿದ್ದವು. ಓಣಿಯ ನಾಲ್ವರು ಹೆಂಗಸರು ಕೆಲಸಕ್ಕೆ ಬರುತ್ತಿದ್ದರು. ಬೆಳಗಿನ ಹೊತ್ತು ಕರೆಂಟ್ ಹೋದರೆ ಐವರೂ ಕೈಕಟ್ಟಿ ಕೂರಬೇಕಾಗುತ್ತಿತ್ತು. ನಾದಿದ ಹಿಟ್ಟು ಒಣಗಿ ಬಿರಿಯುತ್ತಿತ್ತು. ಊಟದ ಹೊತ್ತಿಗೆ ರೊಟ್ಟಿ ಬಾರದೆ ಖಾನಾವಳಿಯವರು ರೇಗುತ್ತಿದ್ದರು. ಅವರಲ್ಲಿ ಇಬ್ಬರು ಬೇರೆ ಕಡೆ ನೋಡಿಕೊಳ್ಳುವ ಮಾತನ್ನೂ ಆಡಿದ್ದರು.

ಹಾಗಾಗಿ ಮನೆಯ ಮಾಳಿಗೆಯ ಮೇಲೆ ಸೋಲಾರ್ ಹಾಕಿಸುವುದೆಂದು ಯಮನೂರಪ್ಪ ತೀರ್ಮಾನಿಸಿದ. ಕೈಯಲ್ಲಿದ್ದ ಹಣ ಒಂದು ಸಲಕ್ಕೆ ಸಾಕಾಗುತ್ತಿತ್ತು. ಕೆಟ್ಟರೆ ಮತ್ತೊಂದು ಸಲ ಹಾಕಿಸುವ ಶಕ್ತಿ ಇರಲಿಲ್ಲ.

"ಹಾಕಸ್ರಿ," ಎಂದಳು ನೀಲವ್ವ. "ಆದ್ರ ಈ ಸಲ ಮುಖ ನೋಡಿ ಆರಿಸಬ್ಯಾಡ್ರಿ."

ಸೋಲಾರ್ ಹಾಕುವವರು ಮೂವರು ಬಂದು ಮನೆ ನೋಡಿದರು.

ಮೊದಲನೆಯವನು ಕಾರಿನಲ್ಲಿ ಬಂದ. ಕೈಯಲ್ಲಿದ್ದ ಪರದೆಯ ಮೇಲೆ ಯಮನೂರಪ್ಪನ ಮನೆಯನ್ನೇ ತೋರಿಸಿದ. ಆ ಚಿತ್ರದಲ್ಲಿ ಮಾಳಿಗೆಯ ಮೇಲೆ ಸೋಲಾರಿನ ನೀಲಿ ಹಲಗೆಗಳು ಆಗಲೇ ಹೊಳೆಯುತ್ತಿದ್ದವು. ತಮ್ಮ ಮನೆ ಇಷ್ಟು ಚೆಂದ ಇದೆಯೆಂದು ಗಂಡ ಹೆಂಡತಿ ಇಬ್ಬರಿಗೂ ಅಂದೇ ತಿಳಿದದ್ದು. "ಇನ್ನು ಮೇಲೆ ಕರೆಂಟಿನ ಚಿಂತೆ ಮರೆತುಬಿಡಿ ಸರ್" ಎಂದು ಹೇಳಿ ಹೋದ.

ಎರಡನೆಯವನು ಯಾರದೋ ಕಡೆಯಿಂದ ಗುರುತು ಹೇಳಿಕೊಂಡು ಬಂದ. ಬಾಗಿಲಲ್ಲಿಯೇ "ಕಾಕಾ" ಎಂದ. ನೀಲವ್ವನ ರೊಟ್ಟಿ ಮೂರು ತಿಂದು, ಇಂಥ ರೊಟ್ಟಿ ತನ್ನ ತಾಯಿಯ ಕೈಯದನ್ನೂ ತಿಂದಿಲ್ಲ ಎಂದ. ತನ್ನ ಕೆಲಸ ಮೆಚ್ಚಿದ ನಲವತ್ತು ಜನರ ಹೆಸರಿನ ಪಟ್ಟಿ ಕೊಟ್ಟ. ಯಮನೂರಪ್ಪ ಅದರಲ್ಲಿ ನಾಲ್ಕು ಮಂದಿಗೆ ಫೋನ್ ಮಾಡಿದ. ನಾಲ್ವರೂ ಬಹಳ ಚಲೋ ಕೆಲಸ ಎಂದರು. ನಾಲ್ಕನೆಯವನು ಮಾತಿನ ಭರದಲ್ಲಿ "ನಮ್ಮ ಅಳಿಯಾ ಅಂತ ಹೇಳೂದಿಲ್ರೀ" ಎಂದುಬಿಟ್ಟ.

ಮೂರನೆಯವಳು ದಾವಲಬಿ. ತಂದೆಯ ಕಾಲದ ಮೋಟಾರು ರಿಪೇರಿಯ ಅಂಗಡಿಯನ್ನು ನಡೆಸಿಕೊಂಡು ಬಂದವಳು. ಸೋಲಾರ್ ಕೆಲಸಕ್ಕೆ ಇಳಿದು ಆರು ವರ್ಷವಾಗಿತ್ತು. ಅವಳು ಬಂದವಳೇ ಮಾಳಿಗೆ ಹತ್ತಿದಳು. ಅಳೆದಳು. ಸುತ್ತಿಗೆಯ ಹಿಡಿಯಿಂದ ಅಲ್ಲಲ್ಲಿ ಕುಟ್ಟಿ ಕಿವಿಗೊಟ್ಟಳು. ಸಂಡಿಗೆ ಒಣಗಿಸುವುದು ಎಲ್ಲಿ ಎಂದು ನೀಲವ್ವನನ್ನು ಕೇಳಿ ಅಷ್ಟು ಜಾಗ ಬಿಟ್ಟು ಗೆರೆ ಎಳೆದಳು. ಕೆಳಗೆ ಇಳಿದು ಬಂದು ಹೇಳಿದಳು:

"ಅಣ್ಣಾರ, ಒಂದು ಮಾತು ಮೊದಲ ಹೇಳಿಬಿಡ್ತೀನಿ. ಬರೇ ಹಲಗಿ ಹಾಕಿದ್ರ, ಲೈನ್ ಹೋದಾಗ ಇದೂ ಬಂದ್ ಆಗ್ತದ. ಬಿಸಲು ಎಷ್ಟ ಇದ್ರೂ ಬಂದ್. ಕಂಬದ ಮ್ಯಾಲೆ ಲೈನ್‌ಮನ್ ಕೆಲಸ ಮಾಡ್ತಿರ್ತಾನ. ನಮ್ಮ ಮನೀ ಕರೆಂಟ್ ಲೈನಿಗೆ ಹರಿದು ಅವನಿಗೆ ಹೊಡೀಬಾರದು ಅಂತ ಹಂಗ ಮಾಡಿರ್ತಾರ. ಲೈನ್ ಇಲ್ಲದಾಗೂ ನಿಮ್ಮ ಯಂತ್ರ ತಿರುಗಬೇಕಂದ್ರ ಬ್ಯಾಟರಿ ಬೇಕು. ಖರ್ಚು ಹೆಚ್ಚು ಬರ್ತದ."

ಯಮನೂರಪ್ಪನಿಗೆ ಈ ಮಾತು ರುಚಿಸಲಿಲ್ಲ. ಉಳಿದ ಇಬ್ಬರೂ ಇಂಥದೇನೂ ಹೇಳಿರಲಿಲ್ಲ. ಇವಳಿಗೆ ಕೆಲಸ ಬರುವುದಿಲ್ಲವೋ, ಅಥವಾ ಬ್ಯಾಟರಿ ಮಾರುವ ಉಪಾಯವೋ ಎಂದು ಅನುಮಾನಪಟ್ಟ. ಅವಳ ಮುಖ ನೋಡಿದ. ಒಳ್ಳೆಯ ಮುಖವೇ. ಮೊದಲಿಬ್ಬರ ಮುಖಗಳೂ ಒಳ್ಳೆಯವೇ ಆಗಿದ್ದವು. ಮೂರು ದಿನ ಯೋಚಿಸಿದ. ಮೂರು ಮುಖಗಳೂ ಕಣ್ಣ ಮುಂದೆ ಬಂದು ನಗುತ್ತಿದ್ದವೇ ಹೊರತು ಒಂದೂ ಹಿಂದೆ ಸರಿಯಲಿಲ್ಲ.

ನಾಲ್ಕನೆಯ ದಿನ ಕ್ಷೌರಕ್ಕೆ ಕುಳಿತಿದ್ದಾಗ ಅವನಿಗೆ ತನ್ನ ಡಿಪೋದ ದಿನಗಳು ನೆನಪಾದವು. ಹೊಸ ಡ್ರೈವರ್ ಬಂದಾಗಲೆಲ್ಲ ಯಮನೂರಪ್ಪ ಅವನನ್ನು ಚಹಾಕ್ಕೆ ಕರೆದೊಯ್ದು ಒಂದೇ ಪ್ರಶ್ನೆ ಕೇಳುತ್ತಿದ್ದ: "ನಿನ್ನ ಗಾಡಿ ಎಲ್ಲೆಲ್ಲಿ ಕೆಟ್ಟಿತ್ತು?" ಕೆಲವರು ತಮ್ಮ ಕೈಯಲ್ಲಿ ಗಾಡಿ ಕೆಟ್ಟದ್ದೇ ಇಲ್ಲ ಎನ್ನುತ್ತಿದ್ದರು. ಕೆಲವರು ಘಾಟಿನ ಎಷ್ಟನೆಯ ತಿರುವು, ಹೊಗೆ ಎಲ್ಲಿಂದ ಎದ್ದಿತು, ಜನರನ್ನು ಹೇಗೆ ಇಳಿಸಿದೆ ಎಂಬುದನ್ನೆಲ್ಲ ನಿನ್ನೆ ನಡೆದಂತೆ ಹೇಳುತ್ತಿದ್ದರು. ಈ ಎರಡನೆಯವರ ಹಿಂದೆ ನಿಂತು ಅವನು ನಿಶ್ಚಿಂತೆಯಿಂದ ಟಿಕೆಟ್ ಹರಿದಿದ್ದ.

ಅವನು ಅರ್ಧ ಬೋಳಿಸಿದ ಗಡ್ಡದಲ್ಲಿಯೇ ಫೋನ್ ತೆಗೆದ.

ಮೊದಲನೆಯವನಿಗೆ ಕೇಳಿದ: "ನಿಮ್ಮ ಕೆಲಸದ ಮೇಲೆ ಸಿಟ್ಟಾದವರು ಯಾರಾದರೂ ಇದ್ದರೆ ಅವರ ವಿಳಾಸ ಕೊಡಿ." ಅವನು ನಕ್ಕ. ಅಂಥವರು ತನ್ನಲ್ಲಿ ಒಬ್ಬರೂ ಇಲ್ಲ ಎಂದ. ಎರಡನೆಯವನು ಬೇಸರಪಟ್ಟ. "ಕಾಕಾ, ನಂಬಿಕೀನ ಇಲ್ಲ ಅಂದ ಮ್ಯಾಲೆ ಏನು ಮಾತಾಡೂದು?" ಎಂದು ಫೋನ್ ಇಟ್ಟ.

ದಾವಲಬಿ ನಗಲೂ ಇಲ್ಲ, ಬೇಸರಪಡಲೂ ಇಲ್ಲ.

"ಇದ್ದಾರ," ಎಂದಳು. "ನರೇಗಲ್ಲಿನಾಗ ಚನ್ನಬಸವ್ವ ಟೀಚರ್ ಅಂತ. ಬಸ್ ಸ್ಟ್ಯಾಂಡಿನ ಹಿಂದ ಮನಿ. ಹೋಗ್ರಿ. ಆದ್ರ ಊಟ ಮಾಡಿ ಹೋಗ್ರಿ ಅಣ್ಣಾರ. ಬೈಯೂದು ಮುಗಿಯಾಕ ಹೊತ್ತು ಹಿಡೀತದ."

ಯಮನೂರಪ್ಪ ಊಟ ಮಾಡಿಯೇ ಹೋದ.

ಚನ್ನಬಸವ್ವ ಟೀಚರ್ ನಿವೃತ್ತರಾಗಿ ಹತ್ತು ವರ್ಷವಾಗಿತ್ತು. ದನಿಗೆ ಮಾತ್ರ ನಿವೃತ್ತಿ ಆಗಿರಲಿಲ್ಲ. ದಾವಲಬಿಯ ಹೆಸರು ಕಿವಿಗೆ ಬಿದ್ದದ್ದೇ ತಡ, ಕುರ್ಚಿ ಎಳೆದು ಯಮನೂರಪ್ಪನನ್ನು ಎದುರಿಗೆ ಕೂರಿಸಿಕೊಂಡು ಶುರುಮಾಡಿದರು.

"ಅಕೀ ಸುದ್ದಿ ಕೇಳಾಕ ಬಂದೀರಿ? ಕೇಳ್ರಿ. ಅಕೀ ಆಳುಗಳು ನನ್ನ ಮಾಳಿಗಿಗೆ ತೂತು ಹೊಡದು ಸರಿಯಾಗಿ ಮುಚ್ಚಲಿಲ್ಲ. ಮೊದಲ ಮಳಿಗೇ ಸೋರಿತು. ಎಲ್ಲಿ ಸೋರಿತು? ದೇವರ ಕೋಣ್ಯಾಗ. ಸರಿಯಾಗಿ ಲಿಂಗದ ತಲೀ ಮ್ಯಾಲೆ. ಒಂದು ದಿನ, ಒಂದು ರಾತ್ರಿ, ಪೂಜಾರಿ ಇಲ್ಲದ ಅಭಿಷೇಕ!"

ಯಮನೂರಪ್ಪ ನಗು ತಡೆದುಕೊಂಡ. ಟೀಚರ್ ನಗಲಿಲ್ಲ.

"ಅದೂ ಹೋಗ್ಲಿ. ನನ್ನ ಮೊಮ್ಮಗಳ ತೊಟ್ಟಿಲ ಕಾರ್ಯ. ಮನೀ ತುಂಬ ಮಂದಿ. ಹೋಳಿಗೀ ಹೂರಣ ರುಬ್ಬಾಕ ಹತ್ತೀವಿ, ಲೈನ್ ಹೋತು. ನಮ್ಮದು ಸೋಲಾರ್ ಅದ, ಚಿಂತಿಲ್ಲ ಅಂತ ಬೀಗರ ಮುಂದ ನಾನ ಹೇಳೀನಿ. ಗುಂಡಿ ಒತ್ತಿದ್ರ ಮಿಕ್ಸರ್ ತಿರುಗವಲ್ದು! ಮ್ಯಾಲೆ ಸೂರ್ಯ ಅದಾನ, ಹಲಗಿ ಅದಾವ, ಕರೆಂಟ್ ಎಲ್ಲಿ? ಬೀಗತಿ ನನ್ನ ಮುಖ ನೋಡ್ತಾಳ. ಕಡೀಕ ಒರಳಾಗ ರುಬ್ಬಿದಿವಿ. ಲೈನ್ ಹೋದ್ರ ಇದೂ ಹೋಗ್ತದ ಅಂತ ಆ ಪುಣ್ಯಾತಗಿತ್ತಿ ನನಗ ಹೇಳೇ ಇರಲಿಲ್ಲ!"

ಯಮನೂರಪ್ಪ ಕುರ್ಚಿಯಲ್ಲಿ ನೆಟ್ಟಗಾದ. ತನ್ನ ಮನೆಯಲ್ಲಿ ಅವಳು ಮಾಳಿಗೆಯಿಂದ ಇಳಿದು ಬಂದು ಆಡಿದ ಮೊದಲ ಮಾತೇ ಅದಾಗಿತ್ತು. ಆ ಮಾತು ಎಲ್ಲಿ ಹುಟ್ಟಿತೆಂದು ಅವನಿಗೆ ಈಗ ಗೊತ್ತಾಯಿತು.

"ಆಮ್ಯಾಲೆ ಏನು ಮಾಡಿದಳ್ರಿ?" ಎಂದು ಕೇಳಿದ.

"ಏನು ಮಾಡ್ತಾಳ? ಬಂದಳು."

"ಯಾವಾಗ?"

"ಸೋರಿದ ಮರುದಿನ ಮುಂಜಾನೆ ಬಂದಳು. ಮಳಿ ನಿಂತಿರಲಿಲ್ಲ. ತಲೀ ಮ್ಯಾಲೆ ಗೋಣಿಚೀಲ ಹಾಕ್ಕೊಂಡು ಅಕೀನ ಕುಂತು ಮುಚ್ಚಿದಳು. ತೊಟ್ಟಿಲ ಕಾರ್ಯದ ದಿನಾನೂ ಬಂದಳು. ಬೀಗರ ಎದುರಿಗೇ ಬೈದೆ. 'ಹೇಳಬೇಕಿತ್ತು ಟೀಚರ್, ಹೇಳಲಿಲ್ಲ, ತಪ್ಪು ನನ್ನದು' ಅಂದಳು. ಒಂದು ವಾರದಾಗ ಬ್ಯಾಟರಿ ತಂದು ಜೋಡಿಸಿ ಹೋದಳು. ಕೂಲಿ ಕೊಟ್ರ ಮುಟ್ಟಲಿಲ್ಲ. ಮೊನ್ನೆ ನಾನು ಕರೀದೇನ ಬಂದು ಹಲಗಿ ತೊಳದು ಹೋಗ್ಯಾಳ. ಅವತ್ತೂ ಬೈದೆ. ನೀರು ಬಾಳ ಚೆಲ್ಲಿದಳು."

ಯಮನೂರಪ್ಪ ಕೇಳಿದ. "ಹಂಗಾರ, ನಮ್ಮ ಮನೀ ಕೆಲಸ ಅಕಿಗೆ ಕೊಡಬೇಕೋ ಬ್ಯಾಡೋ?"

ಟೀಚರ್ ಅವನನ್ನು, ಪಾಠವೆಲ್ಲ ಮುಗಿದ ಮೇಲೆ ಪುಟ ಎಷ್ಟು ಎಂದು ಕೇಳಿದ ಹುಡುಗನನ್ನು ನೋಡುವಂತೆ ನೋಡಿದರು.

"ಈ ಮನೀ ಕಟ್ಟಿದ ಮೇಸ್ತ್ರಿಗೆ ಬೈದೀನಿ, ನಳ ಕೂಡಿಸಿದವನಿಗೆ ಬೈದೀನಿ, ಬಾಗಿಲಾ ಮಾಡಿದ ಬಡಿಗನಿಗೆ ಬೈದೀನಿ. ಒಬ್ಬರೂ ಈಗ ಫೋನ್ ಎತ್ತೂದಿಲ್ಲ. ಬೈಸಿಕೊಳ್ಳಾಕ ತಿರುಗಿ ಬಂದಾಕಿ ಅಕಿ ಒಬ್ಬಾಕೀನ. ಮತ್ತ ಯಾರಿಗೆ ಕೊಡ್ತೀರಿ?"

ಹೀಗೆಂದು ಅವನಿಗೆ ಚಹಾ ಕೊಟ್ಟರು. ಚಹಾ ಮುಗಿಯುವಷ್ಟರಲ್ಲಿ ಮೇಸ್ತ್ರಿಯ ಕತೆ ಶುರುವಾಯಿತು. ಯಮನೂರಪ್ಪ ಕಡೆಯ ಬಸ್ಸು ಹೋಗುತ್ತದೆಂದು ಹೇಳಿ ಹೇಗೋ ಎದ್ದು ಬಂದ.

ಮನೆಗೆ ಬಂದು ನೀಲವ್ವನಿಗೆ ಎಲ್ಲವನ್ನೂ ಹೇಳಿದ. ಅಭಿಷೇಕದ ಕತೆಗೆ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನಾಳೆನ ಕರೀರಿ ಅಕಿನ್ನ" ಎಂದಳು.

ದಾವಲಬಿ ಕೆಲಸ ಮಾಡಿದಳು. ತೂತುಗಳನ್ನು ತಾನೇ ಮುಚ್ಚಿದಳು. ಮುಚ್ಚಿದ ಮೇಲೆ ಕೊಡ ಕೊಡ ನೀರು ಹೊಯ್ದು ಒಂದು ಹಗಲು ಕಾದಳು. ಇಡೀ ಮನೆಗೆ ಬೇಡವೆಂದು, ರೊಟ್ಟಿಯ ಯಂತ್ರಗಳಿಗೆ ಮಾತ್ರ ಸಾಕಾಗುವ ಬ್ಯಾಟರಿ ಇಟ್ಟು ಖರ್ಚನ್ನು ಯಮನೂರಪ್ಪನ ಶಕ್ತಿಯ ಒಳಗೇ ತಂದಳು. ಫ್ಯಾನು, ಟಿ.ವಿ. ಲೈನ್ ಬರುವ ತನಕ ಸುಮ್ಮನಿರಲಿ ಎಂದಳು.

ಎಲ್ಲವೂ ಸರಿಯಾಗಿಯೇ ನಡೆಯಿತು ಎಂದೇನಲ್ಲ. ಎರಡನೆಯ ವಾರದಲ್ಲಿ, ಬಿಸಿಲು ಚೆನ್ನಾಗಿದ್ದರೂ ಹಲಗೆಗಳಿಂದ ಬರುವ ಕರೆಂಟ್ ಅರ್ಧಕ್ಕರ್ಧ ಇಳಿಯಿತು. ಉಪ್ಪಿನಕಾಯಿಯ ಭರಣಿ ಇಡಲು ಇನ್ನೊಂದು ಜಾಗ ಸಿಕ್ಕಿತೇನೋ ಎಂದು ಯಮನೂರಪ್ಪ ಹೆದರಿದ. ಫೋನ್ ಮಾಡಿದ. ಎರಡನೆಯ ಸಲ ರಿಂಗಾಗುವಷ್ಟರಲ್ಲಿ ಅವಳು ಎತ್ತಿದಳು. ಮಧ್ಯಾಹ್ನದೊಳಗೆ ಬಂದು ಮಾಳಿಗೆ ಹತ್ತಿದಳು. ಒಂದು ತಂತಿಯ ಜೋಡಣೆ ಸಡಿಲವಾಗಿತ್ತು.

"ನಾ ಬಿಗಿ ಮಾಡಿದ್ದ ಇದು. ಸರಿ ಮಾಡಿಲ್ಲ," ಎಂದಳು. ಸರಿಪಡಿಸಿದಳು. ಇಳಿದು ಬಂದು ಯಮನೂರಪ್ಪನ ಮುಂದೆ ಕೈಕಟ್ಟಿ ನಿಂತಳು. "ಹೂಂ, ಬೈರಿ ಅಣ್ಣಾರ."

ಯಮನೂರಪ್ಪ ಅವಳು ಬರುವ ತನಕ ಬೈಗುಳಗಳನ್ನು ಹೊಂದಿಸಿಕೊಂಡೇ ಇದ್ದ. ಈಗ ಅದನ್ನೆಲ್ಲ ಬಿಟ್ಟು ಅವಳ ಕಡೆ ಮಣೆ ಸರಿಸಿದ. ಒಳಗಿನಿಂದ ನೀಲವ್ವ, "ಮೊದಲ ಉಣ್ಣವಾ, ಬೈಯೂದು ಎಲ್ಲಿ ಹೋಗ್ತದ" ಎಂದು ಕೂಗಿದಳು. ದಾವಲಬಿ ಕೈ ತೊಳೆದು ಕುಳಿತಳು. ಅವಳು ಬಿಸಿ ರೊಟ್ಟಿ ಮುರಿಯುತ್ತಿದ್ದಾಗಲೇ ಓಣಿಯ ಕರೆಂಟ್ ಹೋಯಿತು. ತಲೆಯ ಮೇಲಿನ ಫ್ಯಾನು ನಿಂತಿತು. ರೊಟ್ಟಿಯ ಯಂತ್ರ ನಿಲ್ಲಲಿಲ್ಲ. ಕೆಲಸದ ನಾಲ್ವರು ಹೆಂಗಸರೂ ಒಮ್ಮೆ ಯಂತ್ರವನ್ನು ನೋಡಿದರು, ಒಮ್ಮೆ ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ಮದುವೆ ಮನೆಯಲ್ಲಿ ನಗುವ ಹಾಗೆ ಗಟ್ಟಿಯಾಗಿ ನಕ್ಕರು. ಖಾನಾವಳಿಯವರು ಯಾರೂ ಬಿಟ್ಟುಹೋಗಲಿಲ್ಲ. ಆ ವರ್ಷ ಇನ್ನೂ ಇಬ್ಬರು ಸೇರಿಕೊಂಡರು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಅರಳಿತ್ತು. "ತಿಳಿಯಿತು ಗುರುಗಳೇ," ಎಂದ. "ಇಷ್ಟು ತಿಳಿಯಾಗಿ ನನಗೆ ಯಾರೂ ಹೇಳಿರಲಿಲ್ಲ. ಇನ್ನು ನಾನು ಎಲ್ಲಿಗೂ ಹೋಗುವುದಿಲ್ಲ. ನೀವೇ ನನ್ನ ಗುರು."

ಎದ್ದು ಅವರ ಕಾಲಿಗೆರಗಲು ಬಾಗಿದ. ಗುರುಗಳು ಅವನ ಭುಜ ಹಿಡಿದು ತಡೆದರು.

"ಅವಸರ ಬೇಡಪ್ಪ, ನನ್ನ ಮೇಲೆ ಸಿಟ್ಟಾಗಿ ಈ ಮಠ ಬಿಟ್ಟುಹೋದವನೊಬ್ಬ ರೋಣದಲ್ಲಿದ್ದಾನೆ, ಮೊದಲು ಅವನನ್ನು ಕಂಡು ಬಾ."