ಕೊಕ್ಕೆ ತಕ್ಕಡಿಗೆ ಜೋತ ಸಾಹುಕಾರ

"ಗುರುಗಳೇ, ಒಂದು ತಿಂಗಳಿಂದ ನನಗೆ ಯಾವ ಭಾರವೂ ಇಲ್ಲ. ಮನಸ್ಸು ಅರಳೆಯಷ್ಟು ಹಗುರವಾಗಿದೆ. ಇದೇ ಮುಕ್ತಿಯಲ್ಲವೇ?" ಎಂದು ಶಿಷ್ಯ ಗದಿಗೆಯ್ಯ ಕೇಳಿದ.

ಆ ಒಂದು ತಿಂಗಳಲ್ಲಿ ಅವನು ಬೆಳಗಿನ ಪೂಜೆಗೆ ಎದ್ದಿರಲಿಲ್ಲ. ದಾಸೋಹದ ಮನೆಗೆ ಒಂದು ಕೊಡ ನೀರು ಹೊತ್ತಿರಲಿಲ್ಲ. ಗುರುಗಳು ಹೌದೆಂದುಬಿಟ್ಟರೆ ಇನ್ನೆಂದೂ ಹೊರಬೇಕಾಗಿಲ್ಲ ಎಂಬ ಆಸೆ ಅವನದು. ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಒಬ್ಬ ಅರಳೆ ಸಾಹುಕಾರನಿದ್ದ. ತೂಕ ನೂರ ಇಪ್ಪತ್ತು ಕಿಲೋ. ಮೊಣಕಾಲು ಎರಡೂ ಕೈಕೊಟ್ಟಿದ್ದವು. "ತಕ್ಕಡಿಯ ಮುಳ್ಳು ತೊಂಬತ್ತು ತೋರಿಸುವ ತನಕ ಹೋಳಿಗೆ ಮುಟ್ಟಕೂಡದು" ಎಂದು ವೈದ್ಯ ಕಟ್ಟಪ್ಪಣೆ ಮಾಡಿದ. ಯುಗಾದಿಗೆ ನಾಲ್ಕೇ ದಿನ ಉಳಿದಿತ್ತು. ಹೋಳಿಗೆಯಿಲ್ಲದ ಯುಗಾದಿಯನ್ನು ನೆನೆದರೆ ಸಾಕು, ಸಾಹುಕಾರನ ಕಣ್ಣಲ್ಲಿ ನೀರು ಬರುತ್ತಿತ್ತು.

ಅವನ ಗೋದಾಮಿನಲ್ಲಿ ಅರಳೆ ತುಂಬಿದ ದೊಡ್ಡ ಮೂಟೆಗಳಾದ ಅಂಡಿಗೆಗಳನ್ನು ತೂಗುವ ಕೊಕ್ಕೆ ತಕ್ಕಡಿಯಿತ್ತು. ತೊಲೆಯ ರಾಟೆಯಿಂದ ಹಗ್ಗ, ಹಗ್ಗದ ತುದಿಗೆ ತಕ್ಕಡಿ, ಅದರ ಕೊಕ್ಕೆಗೆ ಗೋಣಿತಟ್ಟಿನ ಜೋಲಿ. ಸಾಹುಕಾರ ಜೋಲಿಯಲ್ಲಿ ಕೂತ. ಇಬ್ಬರು ಹಮಾಲರು ಹಗ್ಗ ಜಗ್ಗಿ ಅವನನ್ನು ಮೇಲೆತ್ತಿದರು. ಮುಳ್ಳು ನೂರ ಇಪ್ಪತ್ತಕ್ಕೆ ನಿಂತಿತು. ಹೊಟ್ಟೆ ಒಳಗೆಳೆದುಕೊಂಡ. ನೂರ ಇಪ್ಪತ್ತೇ. ಉಸಿರು ಬಿಗಿಹಿಡಿದ. ನೂರ ಇಪ್ಪತ್ತೇ.

ಬೇಸತ್ತು ಇಳಿಸಲು ಹೇಳಿದ. ಹಮಾಲರ ಕೈ ಸೋತಿತ್ತು, ಹಗ್ಗ ಗಕ್ಕನೆ ಸಡಿಲಿತು. ಆ ಕ್ಷಣ ಮುಳ್ಳು ನೂರಕ್ಕೆ ಇಳಿಯಿತು. ಅವರು ಹಗ್ಗವನ್ನು ಬಿಗಿಯಾಗಿ ಹಿಡಿದು ನಿಲ್ಲಿಸಿದಾಗ ಅದೇ ಮುಳ್ಳು ನೂರ ಐವತ್ತಕ್ಕೆ ಹಾರಿತು. ಸಾಹುಕಾರ ನೂರನ್ನು ಕಣ್ಣರಳಿಸಿ ನೋಡಿದ. ನೂರ ಐವತ್ತು ಬಂದಾಗ ಕಣ್ಣು ಮುಚ್ಚಿಕೊಂಡ.

ಮತ್ತೆ ಎತ್ತಿಸಿದ, ಇನ್ನಷ್ಟು ಸಡಿಲ ಬಿಡಿಸಿದ. ಮುಳ್ಳು ತೊಂಬತ್ತೈದಕ್ಕೆ ಬಂತು. ಹೋಳಿಗೆಗೆ ಇನ್ನು ಐದೇ ಕಿಲೋ ದೂರ.

"ಈ ಸಲ ತೊಲಿ ಮಟ ಎತ್ತಿ, ಹಗ್ಗಾನ ಬಿಟ್ಟಬಿಡ್ರಿ" ಎಂದ.

ಹಿರಿಯ ಹಮಾಲ ಹೆದರಿದ. "ಸಾವ್ಕಾರ್ರ, ಕೆಳಗ ನೆಲ ಐತ್ರಿ."

"ನೆಲದ ಸುದ್ದಿ ಯಾರ್ ಕೇಳ್ಯಾರಲೇ ನಿನ್ನ? ನೀ ಮುಳ್ಳ ನೋಡು!"

ಹಮಾಲರು ಬಿಟ್ಟರು. ಮುಳ್ಳು ಸರ್ರನೆ ಸೊನ್ನೆಗೆ ಬಂತು. "ಸೊನ್ನಿ!" ಎಂದು ಸಾಹುಕಾರ ಆನಂದದಿಂದ ಕೂಗಿದ. ಇನ್ನೊಮ್ಮೆ ಕೂಗಲು ಬಾಯಿ ತೆರೆದಾಗ ನೆಲ ಬಂತು.

ಆ ಯುಗಾದಿಗೆ ಮನೆಮಂದಿಯೆಲ್ಲ ಹೋಳಿಗೆ ಉಂಡರು. ಸಾಹುಕಾರ ಸೊಂಟಕ್ಕೆ ಪಟ್ಟಿ ಕಟ್ಟಿಸಿಕೊಂಡು, ಮಲಗಿದಲ್ಲೇ ಗಂಜಿ ಕುಡಿದ. ತೂಕ ಒಂದು ಗುಂಜಿಯೂ ಇಳಿದಿರಲಿಲ್ಲ.

ಕತೆ ಕೇಳಿ ಗದಿಗೆಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂಥ ಮರುಳ, ಗುರುಗಳೇ! ಬೀಳುತ್ತಿರುವುದನ್ನೇ ಹಗುರಾದೆ ಎಂದು ತಿಳಿದನಲ್ಲ!"

ಗುರುಗಳೂ ನಕ್ಕರು. "ಅವನಿಗೆ ನೆಲ ಬೇಗ ಸಿಕ್ಕಿತು ಮಗು, ನಿನಗಿನ್ನೂ ಸಿಕ್ಕಿಲ್ಲ."