ಏಡಿಯ ಹೊಸ ಕಾಲು

ಕೆರೆಯ ಏರಿ ಒಡೆದು ನೀರೆಲ್ಲ ಹರಿದುಹೋಯಿತು. ಕಪ್ಪೆ ಹೆಗ್ಗಣದ ಬಿಲದ ಬಾಗಿಲಿಗೆ ಹೋಗಿ, "ಯಜಮಾನರೇ, ನಲವತ್ತು ಏಡಿಗಳು ಕೆಸರಿನಲ್ಲಿ ಉಪವಾಸ ಬಿದ್ದಿವೆ. ನಿಮ್ಮಲ್ಲಿ ಭತ್ತ ತುಂಬಿದೆಯಲ್ಲ, ಸ್ವಲ್ಪ ಕೊಡಿ" ಎಂದಿತು.

"ಅಯ್ಯೋ ಪಾಪ" ಎನ್ನುತ್ತ ಒಳಗೆ ಹೋದ ಹೆಗ್ಗಣ ಮತ್ತೆ ಹೊರಗೆ ಬರಲಿಲ್ಲ.

ಮರುದಿನ ಕಪ್ಪೆ ಕಾಲು ಮುರಿದ ಒಂದೇ ಒಂದು ಏಡಿಯನ್ನು ಕರೆತಂದು ಬಾಗಿಲಲ್ಲಿ ಕೂರಿಸಿತು. ಹೆಗ್ಗಣ ಮುರಿದ ಜಾಗವನ್ನು ನೋಡಿ ಬಿಕ್ಕಿ ಬಿಕ್ಕಿ ಅತ್ತಿತು. ಏಡಿ ಹೊರಲಾರದಷ್ಟು ಭತ್ತ ಕೊಟ್ಟಿತು. ಆಮೇಲೆ ದಿನವೂ ಏಡಿ ಬಂತು, ದಿನವೂ ಹೆಗ್ಗಣ ಅತ್ತಿತು, ನಲವತ್ತು ಏಡಿಗಳೂ ಉಂಡವು.

ಒಂದು ದಿನ ಏಡಿ ಹಳೆಯ ಚಿಪ್ಪು ಕಳಚಿತು. ನೋಡಿದರೆ ಹೊಸ ಕಾಲು ಮೂಡಿತ್ತು.

"ಅದನ್ನು ಕೆಸರಲ್ಲಿ ಮುಚ್ಚಿಕೋ" ಎಂದಿತು ಕಪ್ಪೆ.

"ಯಾಕಣ್ಣ? ಇದು ವಾಸಿಯಾಗಲಿ ಅಂತ ತಾನೇ ಅವರು ಕೊಟ್ಟದ್ದು?"

"ಅದು ನನಗೂ ಗೊತ್ತಿಲ್ಲ."

"ಹಾಗಾದರೆ ಹೋಗಿ ನೋಡಿಯೇ ಬಿಡೋಣ" ಎಂದು ಏಡಿ ಎಲ್ಲರನ್ನೂ ಕರೆದುಕೊಂಡು ಹೊರಟಿತು.

"ನೋಡಿ ಯಜಮಾನರೇ, ನಿಮ್ಮ ಭತ್ತ ತಿಂದು ಬಂದ ಕಾಲು!"

ಹೆಗ್ಗಣ ಹೊಸ ಕಾಲನ್ನು ಮೂಸಿತು. ಅಳು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾಯಿತು. ಬರಲಿಲ್ಲ.

"ಬಹಳ ಸಂತೋಷ" ಎಂದು ಅದು ಕಪ್ಪೆಯ ಕಡೆ ತಿರುಗಿತು. "ಕಾಲು ಮುರಿದವರು ಬೇರೆ ಯಾರಾದರೂ ಇದ್ದಾರೆಯೇ?"

ಹಿಂದೆ ನಿಂತಿದ್ದ ಮೂವತ್ತೊಂಬತ್ತು ಏಡಿಗಳು ತಂತಮ್ಮ ಕಾಲುಗಳನ್ನು ನೋಡಿಕೊಂಡವು.