ಎರಡು ಮಿಟುಕು, ಮತ್ತೆ ಐದು

ಕಲ್ಲುಹೊಳೆಯ ರಾಜಬೀದಿಯಲ್ಲಿ ಡಂಗುರದವನು ಹೀಗೆ ಸಾರಿದನು: "ಕೇಳಿರಯ್ಯಾ ಪುರಜನರೇ. ಮಹಾರಾಜ ಉದಯಕೇಸರಿ ಪ್ರಭುಗಳು ಅರಮನೆಯ ಹಳೆಯ ಕಾರಿನ ವಿಷಯವಾಗಿ ಮೂರು ಒಗಟುಗಳನ್ನು ಒಡ್ಡಿದ್ದಾರೆ. ಮೂರನ್ನೂ ಬಿಡಿಸಿದವರಿಗೆ ರಥಾಧ್ಯಕ್ಷ ಪದವಿ, ಬಂಗಾರದ ಕಡಗ. ಒಂದರಲ್ಲಿ ತಪ್ಪಿದರೂ ನೇಣು. ಒಗಟು ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ನಿಂತರೂ ನೇಣೇ."

ಕಾರುಗಳ ಸೀಟಿಗೆ ಗವಸು ಹೊಲಿದು ಬದುಕುವ ಸಂಕವ್ವ ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿಟ್ಟು ಕೇಳಿಸಿಕೊಂಡಳು. ಮೂರು ತಿಂಗಳ ಹಿಂದೆ ಇದೇ ಡಂಗುರ ಅವಳ ತಂದೆಯ ಹೆಸರನ್ನು ಸಾರಿತ್ತು. ಆತ ಅರಮನೆಯ ಸಾರಥಿ ದುಂಡಪ್ಪ. ಬೇನೆಬಿದ್ದ ರಾಣಿಯನ್ನು ಅವನು ವೈದ್ಯರಲ್ಲಿಗೆ ಒಯ್ಯುತ್ತಿದ್ದಾಗ ಕಾರು ಏರಿನಲ್ಲಿ ಉಸಿರುಕಟ್ಟಿ ನಿಂತಿತು. ರಾಣಿ ಅಲ್ಲೇ ಕಣ್ಣುಮುಚ್ಚಿದಳು. ಯಂತ್ರಪಂಡಿತ ಕೀರ್ತಿಸೇನನು ಕಾರಿನ ಹಳದಿ ದೀಪದ ಮಿಟುಕುಗಳನ್ನು ಎರಡು, ಮತ್ತೆ ಐದು ಎಂದು ಎಣಿಸಿ, ಗ್ರಂಥ ಬಿಚ್ಚಿ, "ಇಪ್ಪತ್ತೈದನೆಯ ದೋಷ. ಎಂಜಿನ್ನಿಗೆ ಪೆಟ್ರೋಲು ಸಾಲದು" ಎಂದು ಅರ್ಥ ಹೇಳಿದನು. ಸಾಲದೆಂದರೆ ಯಾರೋ ಕದ್ದಿರಬೇಕು, ಕದಿಯಬಲ್ಲವನು ಸಾರಥಿಯೊಬ್ಬನೇ. ದುಂಡಪ್ಪನನ್ನು ಪೆಟ್ರೋಲು ಕಳ್ಳನೆಂದು ಸಾರಿ ಗಲ್ಲಿಗೇರಿಸಿದರು.

ಆ ಬಳಿಕ ಅರಸನೇ ಎದುರು ನಿಂತು ಟ್ಯಾಂಕನ್ನು ತುಳುಕುವಷ್ಟು ತುಂಬಿಸಿದನು. ಆದರೂ ಹಳದಿ ದೀಪ ಹೊತ್ತಿತು. ಎರಡು, ಮತ್ತೆ ಐದು. ಅಂದಿನಿಂದ ಅರಸನಿಗೆ ಅನ್ನ ಸೇರಲಿಲ್ಲ. ನೇರವಾಗಿ ಕೇಳಿದರೆ ತಪ್ಪೊಪ್ಪಿಕೊಂಡಂತಾಗುವುದೆಂದು ಒಗಟಾಗಿ ಕೇಳಿದನು. ಸಂಕವ್ವನಿಗೆ ಇದು ತಿಳಿಯದ ಸಂಗತಿಯಲ್ಲ. ಅವಳಿಗೆ ಕಡಗ ಬೇಕಿರಲಿಲ್ಲ. ತಂದೆಯ ಹೆಸರಿಗೆ ಅಂಟಿಸಿದ್ದನ್ನು ಅದೇ ಡಂಗುರ ಕಿತ್ತು ತೆಗೆಯಬೇಕಿತ್ತು, ಅಷ್ಟೇ.

ಕಾರು ನಿಲ್ಲಿಸಿದ್ದ ಅರಮನೆಯ ಅಂಗಳಕ್ಕೆ ಮೊದಲು ಬಂದವನು ಪರದೇಶದ ವಜ್ರಬಾಹು. ಮಖಮಲ್ಲಿನ ಪೆಟ್ಟಿಗೆಯಿಂದ, ಕಾರಿನ ದೋಷ ಓದುವ, ಹೊಳೆಯುವ ಪರದೆಯ ಸ್ಕ್ಯಾನರು ತೆಗೆದನು. ಅದರ ಪ್ಲಗ್ಗು ಹಳೆಯ ಕಾರಿನ ಯಾವ ಬಾಯಿಗೂ ಹಿಡಿಯಲಿಲ್ಲ. "ಈ ಕಾರು ಹುಟ್ಟಿದಾಗ ನನ್ನ ಯಂತ್ರದ ಭಾಷೆಯೇ ಹುಟ್ಟಿರಲಿಲ್ಲ" ಎಂದು ಗೊಣಗಿದನು.

ಅರಸನು ಕೇಳಿದನು: "ನೊಂದರೂ ನರಳದು, ಹಳದಿ ಕಣ್ಣೊಂದನ್ನು ತೆರೆದು ಸುಮ್ಮನೆ ಕೂರುತ್ತದೆ. ಅದರ ಎರಡು ಕಿವಿಗಳನ್ನು ಜೋಡಿಸಿದರೆ ಮಾತ್ರ ಲೆಕ್ಕದಲ್ಲಿ ಮಾತಾಡುತ್ತದೆ. ಯಾರದು?"

"ಕಾವಲುನಾಯಿ, ಪ್ರಭು."

ಅವನನ್ನು ಕರೆದೊಯ್ದರು. ಕೀರ್ತಿಸೇನನು ನಗುತ್ತ ಮುಂದೆ ಬಂದು, ಅದು ಕಾರಿನ ದೋಷದೀಪವೆಂದು ಹೇಳಿ ಮೊದಲನೆಯದನ್ನು ದಾಟಿದನು.

"ಉಗ್ರಾಣ ತುಂಬಿದೆ" ಎಂದನು ಅರಸ. "ಉಂಬವನು ಅನ್ನ ಸಾಲದೆನ್ನುತ್ತಾನೆ; ಅವನು ಸುಳ್ಳಾಡುವವನಲ್ಲ. ಹಾಗಾದರೆ ಕಳ್ಳನಾರು?"

"ಬಡಿಸುವವನು. ಆಗಲೇ ಅರಿಕೆ ಮಾಡಿದ್ದೆನಲ್ಲ, ಪ್ರಭು."

ಅರಸನು "ಉಗ್ರಾಣ ತುಂಬಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ" ಎಂದು ಕೈಸನ್ನೆ ಮಾಡಿದನು. ಕೀರ್ತಿಸೇನನನ್ನು ಎಳೆದೊಯ್ಯುವಾಗ ಸಂಕವ್ವನಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ.

ಅವಳು ಗುಂಪನ್ನು ಸೀಳಿಕೊಂಡು ಬಂದಾಗ ಬಾಗಿಲವನು ತಡೆದನು. "ಕೈಯಲ್ಲೇನಮ್ಮಾ, ತಲೆಪಿನ್ನೇ? ಪ್ರಭುಗಳಿಗೆ ಜಡೆ ಹೆಣೆಯಲು ಬಂದೆಯಾ?"

"ಅವರ ಕಾರಿಗಣ್ಣಾ."

ಬಾನೆಟ್ಟನ್ನೆತ್ತಿ, ಮೂಲೆಯ ಪುಟ್ಟ ಕರಿಡಬ್ಬಿಯ ಎರಡು ರಂಧ್ರಗಳಿಗೆ ಪಿನ್ನಿನ ಎರಡು ಕಾಲುಗಳನ್ನು ಸೇರಿಸಿ, ಚಾವಿ ತಿರುಗಿಸಿದಳು. ತಂದೆ ಕಲಿಸಿದ ರೀತಿ ಅದು. ದೀಪ ಎರಡು ಸಲ ಮಿಟುಕಿ, ತಡೆದು, ಐದು ಸಲ ಮಿಟುಕಿತು. "ಮೊದಲನೆಯದು ಇದು, ಪ್ರಭು" ಎಂದು ಪಿನ್ನನ್ನು ತೆಗೆದಳು.

ಎಂಜಿನ್ನು ಚಾಲೂ ಮಾಡಿದಾಗ ಸಣ್ಣದೊಂದು ಸಿಳ್ಳೆ ಕೇಳಿಸಿತು. ಸೆರೆಮನೆಯ ಕಂಬಿಯಾಚೆಯಿಂದ ತಂದೆ ಹೇಳಿದ್ದನು: "ಏರಿನಲ್ಲಿ ಏನೋ ಸಿಳ್ಳೆ ಹೊಡೆಯುತ್ತಿತ್ತು ಮಗಳೇ. ಬಾನೆಟ್ಟೆತ್ತಿ ನೋಡುತ್ತೇನೆಂದೆ, ಯಾರೂ ಬಿಡಲಿಲ್ಲ." ಸದ್ದಿನ ಜಾಡು ಹಿಡಿದು ಸಂಕವ್ವ ಗೇಣುದ್ದದ ರಬ್ಬರು ನಾಳವೊಂದನ್ನು ಮುಟ್ಟಿದಳು. ಅದರ ಅಡಿಭಾಗ ಸೀಳಿತ್ತು.

"ಇಲ್ಲಿ ಬೆರಳಿಡಿ, ಪ್ರಭು. ಎಂಜಿನ್ನು ತಾನು ಎಣಿಸಿ ಒಳಬಿಟ್ಟ ಗಾಳಿಗೆ ತಕ್ಕಷ್ಟು ಪೆಟ್ರೋಲು ಬಡಿಸುತ್ತದೆ. ಈ ಸೀಳಿನಿಂದ ಎಣಿಸದ ಗಾಳಿಯೂ ಬಂದು ಪಂಕ್ತಿಯಲ್ಲಿ ಕೂತಿತು. ಅಡುಗೆ ಕರೆದವರಿಗಾಗುವಷ್ಟಿತ್ತು, ಕೂತವರು ಹೆಚ್ಚಾದರು. ಉಂಬವನು ಸಾಲದೆಂದದ್ದು ನಿಜ. ಆದರೆ ಕಳ್ಳನೆಂಬವನೇ ಇಲ್ಲ. ದೀಪದ ಲೆಕ್ಕ ಅತ್ತವನನ್ನು ತೋರಿಸುತ್ತದೆ, ಹೊಡೆದವನನ್ನಲ್ಲ."

ಅರಸನು ಬೆರಳನ್ನು ಹಿಂದಕ್ಕೆಳೆದುಕೊಂಡನು. ತುದಿಯಲ್ಲಿ ಮಸಿಯಿತ್ತು.

"ನೀನು ದುಂಡಪ್ಪನ ಮಗಳೇ?"

"ಹೌದು."

ಅರಸನು ದನಿ ತಗ್ಗಿಸಿ ಮೂರನೆಯದನ್ನು ಕೇಳಿದನು: "ಕಂಡದ್ದನ್ನೆಲ್ಲ ಬರೆದಿಡುವ, ಯಾರಿಗೂ ಅಂಜದ ಕರಣಿಕನೊಬ್ಬನಿದ್ದಾನೆ. ಅವನನ್ನು ಕೊಲ್ಲದೆ, ಬಡಿಯದೆ ಮರೆಸುವುದು ಹೇಗೆ?"

ಸಂಕವ್ವನಿಗೆ ಉತ್ತರ ಒಡನೆ ಹೊಳೆಯಿತು; ಅದರ ಹಿಂದೆಯೇ, ಇದು ಒಗಟಲ್ಲ, ಅಪ್ಪಣೆ ಎಂಬುದೂ ಹೊಳೆಯಿತು. ತಂದೆ ಸತ್ತ ಮೇಲೂ, ಟ್ಯಾಂಕು ತುಂಬಿದ ಮೇಲೂ ಆ ಇಪ್ಪತ್ತೈದು ಕಾರಿನ ನೆನಪಿನಲ್ಲಿ ಹಾಗೇ ಉಳಿದದ್ದೇ ಅವನ ಪರವಾದ ಒಂದೇ ಒಂದು ಸಾಕ್ಷಿ. ಹೇಳಿದರೆ ಸಾಕ್ಷಿ ಅಳಿಯುವುದು. ಹೇಳದಿದ್ದರೆ ಹೇಳುವವಳೇ ಅಳಿಯುವಳು.

"ಉತ್ತರಕ್ಕೆ ಮುಂಚೆ ಒಂದು ಬಿನ್ನಹ. ನನ್ನಪ್ಪ ಕಳ್ಳನಲ್ಲವೆಂದು ಡಂಗುರ ಹೊಡೆಸಿರಿ."

"ಅರಮನೆಯ ಡಂಗುರ ತನ್ನ ಮಾತನ್ನು ತಾನೇ ಅಳಿಸಿದರೆ, ನಾಳೆ ಅದನ್ನು ಕೇಳುವವರಾರು?" ಎಂದನು ಅರಸ. "ಉತ್ತರ ಹೇಳಮ್ಮಾ."

ಅವಳು ನೇಣುಗಂಬದತ್ತ ನೋಡಿದಳು. ಅಲ್ಲಿ ಎರಡು ಹಗ್ಗಗಳು ತೂಗುತ್ತಿದ್ದವು. ಮೂರನೆಯ ಕೊಕ್ಕೆ ಖಾಲಿಯಿತ್ತು.

"ಬ್ಯಾಟರಿಯ ತಂತಿ ಕಳಚಿ ಅರವತ್ತು ಎಣಿಸಿದರೆ, ಕಾರು ಎಲ್ಲವನ್ನೂ ಮರೆಯುತ್ತದೆ."

"ಸರಿಯುತ್ತರ. ನಾಳ ಬದಲಿಸು, ತಂತಿ ಕಳಚು."

ಅವಳು ಹೊಸ ನಾಳ ತೊಡಿಸಿ, ಸೀಳಿದ್ದನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಅದನ್ನು ಯಾರೂ ಕೇಳಲಿಲ್ಲ. ತಂತಿ ಕಳಚಿ ಗಟ್ಟಿಯಾಗಿ ಎಣಿಸತೊಡಗಿದಳು. ನಲವತ್ತರಲ್ಲಿ ದನಿ ನಿಂತಿತು. ಸಭೆ ಕಾಯಿತು. ಅರಸನೂ ಕಾದನು. ಅವಳು ನಲವತ್ತೊಂದು ಎಂದಳು.

ತಂತಿ ಸೇರಿಸಿ, ಪಿನ್ನು ತೊಡಿಸಿ, ಚಾವಿ ತಿರುಗಿಸಿದಾಗ ದೀಪ ಎಲ್ಲಿಯೂ ತಡೆಯದೆ ಒಂದೇ ಸಮನೆ ಮಿಟುಕುತ್ತ ಹೋಯಿತು.

"ಈಗ ಏನೆನ್ನುತ್ತದೆ?" ಎಂದನು ಅರಸ.

"ಎಂದೂ ಏನೂ ಆಗಲಿಲ್ಲವೆನ್ನುತ್ತದೆ, ಪ್ರಭು."

ಬಂಗಾರದ ಕಡಗವನ್ನು ಅರಸನೇ ಅವಳ ಕೈಗೆ ತೊಡಿಸಿದನು. ಸಂಜೆ ಡಂಗುರದವನು ಹೊಸ ಪದವಿಯನ್ನು ಬೀದಿಬೀದಿಯಲ್ಲಿ ಸಾರಿದನು. ಅಂದಿನಿಂದ ಕಲ್ಲುಹೊಳೆಯ ಜನ ಅವಳನ್ನು ರಥಾಧ್ಯಕ್ಷೆ ಸಂಕವ್ವನೆಂದು ಎದ್ದುನಿಂತು ಕರೆದರು. ಹೊಸಬರು ಯಾರಾದರೂ ಆಕೆ ಯಾರ ಮಗಳೆಂದು ಕೇಳಿದರೆ, ಪೆಟ್ರೋಲು ಕಳ್ಳ ದುಂಡಪ್ಪನ ಮಗಳೆಂದು ಹೇಳಿದರು.